ಜೋಲಿಗೆ ಕಟ್ಟಿದ ಸೆರಗು

ಬಾಣಂತನದ ವಿಷಯದಲ್ಲಿ ಕೊತ್ತಗೆರೆಯ ಸಿದ್ದಗಂಗಮ್ಮನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎಣ್ಣೆ ಎಷ್ಟು ಬಿಸಿ ಇರಬೇಕು, ಸಾರಿಗೆ ಬೆಳ್ಳುಳ್ಳಿ ಎಷ್ಟು ಬೀಳಬೇಕು, ಕೂಸಿನ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು, ಎಲ್ಲವೂ ಅವಳಿಗೆ ಬಾಯಿಪಾಠ. ಬೀದಿಯಲ್ಲಿ ಯಾರ ಮಗಳು ಹೆರಿಗೆಗೆ ಬಂದರೂ ಮೊದಲ ಕರೆ ಇವಳಿಗೇ ಬರುತ್ತಿತ್ತು. ಅಂಥ ಸಿದ್ದಗಂಗಮ್ಮ ತನ್ನ ಸ್ವಂತ ಮಗಳು ಮಧುಶ್ರೀಯ ಬಾಣಂತನದಲ್ಲಿ ದಿಕ್ಕು ತೋಚದೆ ಕೂತಿದ್ದಳು.

ಕೂಸಿಗೇನೂ ತೊಂದರೆ ಇರಲಿಲ್ಲ. ಹೆಣ್ಣು ಕೂಸು, ಕೆನ್ನೆ ತುಂಬಿಕೊಂಡು ಗುಂಡಗೆ ಬೆಳೆಯುತ್ತಿತ್ತು. ಹಾಲಿಗೂ ಕೊರತೆ ಇರಲಿಲ್ಲ. ಅಳಿಯ ಕಿರಣ್‌ಕುಮಾರ್ ತುಮಕೂರಿನ ಸತ್ಯಮಂಗಲದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಜೆ ಸಿಕ್ಕಿದರೆ ಸಾಕು, ಬಸ್ ಹತ್ತಿ ಬಂದುಬಿಡುವ ಒಳ್ಳೆಯ ಹುಡುಗ. ಇಷ್ಟೆಲ್ಲ ಇದ್ದರೂ ಮಧುಶ್ರೀ ಅಳುತ್ತಿದ್ದಳು. ಹಾಲು ಕುಡಿಸುವಾಗ ಅಳು, ತಟ್ಟೆಯ ಮುಂದೆ ಕೂತಾಗ ಅಳು, ಸುಮ್ಮನೆ ಗೋಡೆ ನೋಡುವಾಗಲೂ ಅಳು.

"ಏನಾಗೈತೆ ಹೇಳೇ ಮಧು?"

"ಏನಿಲ್ಲಮ್ಮ."

"ಏನಿಲ್ದೆ ಯಾಕೆ ಅಳ್ತಿದ್ದೀಯ? ಅಳಿಯಂದ್ರು ಏನಾರ ಅಂದ್ರಾ?"

"ಅವರು ಏನೂ ಅಂದಿಲ್ಲ. ಯಾಕೆ ಅಳು ಬರುತ್ತೋ ನಂಗೇ ಗೊತ್ತಿಲ್ಲಮ್ಮ."

ಅಳುವವಳಿಗೇ ಗೊತ್ತಿಲ್ಲದ ಕಾಯಿಲೆಗೆ ಸಿದ್ದಗಂಗಮ್ಮನ ಹತ್ತಿರ ಕಷಾಯವಿರಲಿಲ್ಲ. ದೃಷ್ಟಿಯಾಗಿರಬೇಕೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬಚ್ಚಲೊಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು. ಇಲ್ಲಿ ನೋಡಿದರೆ ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡುವಷ್ಟು ಘಾಟು! ಹಾಗಾದರೆ ದೃಷ್ಟಿಯೂ ಅಲ್ಲ. ಮತ್ತಿನ್ನೇನು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಹೀಗಿರುವಾಗ ಒಂದು ದಿನ ಮಧುಶ್ರೀ ತಾನಾಗಿಯೇ ಒಂದು ಮಾತು ಕೇಳಿದಳು.

"ಅಮ್ಮ, ನನ್ನ ಬ್ಯಾಗಲ್ಲಿ ರೇಷ್ಮೆ ದಾರದ ಡಬ್ಬ ಇದೆ. ತಂದುಕೊಡ್ತೀಯಾ? ಒಂದು ಸೀರೆಗೆ ಕುಚ್ಚು ಹಾಕ್ತೀನಿ."

ತುಮಕೂರಿನಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಹುಡುಗಿಯರಿಂದ ಅವಳು ಸೀರೆಯ ಸೆರಗಿಗೆ ಕುಚ್ಚು ಹಾಕುವುದನ್ನು ಕಲಿತಿದ್ದಳು. ಮಗಳು ಇಷ್ಟು ದಿನದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ ಎಂದು ಸಿದ್ದಗಂಗಮ್ಮ ಡಬ್ಬ ತಂದುಕೊಟ್ಟಳು. ಮಧುಶ್ರೀ ನಡುಮನೆಯ ಬಾಗಿಲ ಬಳಿ ಕೂತು ಸೂಜಿಗೆ ದಾರ ಪೋಣಿಸಿದಳು. ಗಂಟಿನ ಮೇಲೆ ಗಂಟು ಬೀಳುತ್ತಾ ಹೋಯಿತು. ಸ್ವಲ್ಪ ಹೊತ್ತಿಗೆ ಅವಳು ಯಾವುದೋ ಹಾಡು ಗುನುಗುವುದು ಕೇಳಿಸಿತು. ಸೌಟು ಹಿಡಿದು ಅಡುಗೆಮನೆಯಿಂದ ಇಣುಕಿದ ಸಿದ್ದಗಂಗಮ್ಮ ಬಾಯಿ ತೆರೆದು ನಿಂತಳು. ಉಪ್ಪು, ಮೆಣಸಿನಕಾಯಿಗೆ ಬಗ್ಗದ್ದು ದಾರಕ್ಕೆ ಬಗ್ಗಿತೇ?

ಅಷ್ಟರಲ್ಲಿ ಪಕ್ಕದ ಮನೆಯ ತಿಪ್ಪಮ್ಮ ಬಂದಳು. ಈ ತಿಪ್ಪಮ್ಮ ಹೇಗಿದ್ದೀರಿ ಎಂದು ಕೇಳಲು ಬಂದು, ಹೇಗಿರಬೇಕು ಎಂದು ಹೇಳಿ ಹೋಗುವ ಪೈಕಿ.

"ಅಯ್ಯೋ ಶಿವನೇ! ಹಸಿ ಬಾಣಂತಿ ಕೈಗೆ ಸೂಜಿ ಕೊಟ್ಟಿದ್ದೀಯಲ್ಲ ಅಕ್ಕ! ಕಣ್ಣಿನ ನರ ಎಳ್ಕೊಂಬುಡ್ತವೆ ಕಣಕ್ಕ. ವಯಸ್ಸಾದ್ಮ್ಯಾಕೆ ಅಕ್ಕೀಲಿ ಕಲ್ಲು ಕಾಣಾಕಿಲ್ಲ ಅವ್ಳಿಗೆ."

"ಅಂಗಂತೀಯಾ? ಆದ್ರೆ ಈಗ ನಗ್ತಾವ್ಳಲ್ಲೇ ತಿಪ್ಪಮ್ಮ."

"ಈಗ ನಗ್ತಾಳೆ, ಆಮ್ಯಾಕೆ ಅಳ್ತಾಳೆ. ನೀನೇ ಬೀದಿಗೆಲ್ಲ ಬುದ್ಧಿ ಹೇಳೋಳು, ನಿಂಗೆ ನಾನು ಹೇಳ್ಬೇಕಾ?"

ಆ ಕೊನೆಯ ಮಾತು ನಾಟಿತು. ಸಿದ್ದಗಂಗಮ್ಮ ಡಬ್ಬ ಕಿತ್ತುಕೊಂಡು ಅಟ್ಟದ ಮೇಲೆ ಇಟ್ಟಳು. ಮಧುಶ್ರೀ ಜಗಳ ಮಾಡಿದ್ದರೆ ತಾಯಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಜಗಳ ಮಾಡಲಿಲ್ಲ, ಅಳುವುದನ್ನೂ ನಿಲ್ಲಿಸಿಬಿಟ್ಟಳು. ಪಕ್ಕದಲ್ಲೇ ಕೂಸು ಕಿರುಚುತ್ತಿದ್ದರೂ ಅದು ಯಾರ ಮನೆಯದೋ ಎಂಬಂತೆ ಕೂತಿರುತ್ತಿದ್ದಳು. ಆ ಮುಖ ನೋಡಿ ಸಿದ್ದಗಂಗಮ್ಮನಿಗೆ ಭಯವಾಯಿತು. ಅಳುವ ಮಗಳಾದರೂ ಪರವಾಗಿಲ್ಲ, ಹೀಗೆ ಕೈತಪ್ಪಿ ಹೋಗುತ್ತಿರುವ ಮಗಳನ್ನು ಹೇಗೆ ಹಿಡಿದು ನಿಲ್ಲಿಸುವುದು?

ಭಾನುವಾರ ಕಿರಣ್‌ಕುಮಾರ್ ಬಂದ. ಅತ್ತೆ ಅವನನ್ನು ಅಂಗಳಕ್ಕೆ ಕರೆದು ಎಲ್ಲ ಹೇಳಿದಳು. ಅವನು ತಲೆ ಕೆರೆದುಕೊಂಡು ಮೊಬೈಲ್ ತೆಗೆದ.

"ಅತ್ತೆ, ಇದ್ರಲ್ಲಿ ಒಬ್ರು ಹೇಳ್ತಾರೆ, ಬಾಣಂತಿಯರು ಕೈಕೆಲಸ ಮಾಡಿದ್ರೆ ಮನಸ್ಸಿಗೆ ಒಳ್ಳೇದಂತೆ."

"ಹೌದಾ? ಅಂಗಾರೆ ಡಬ್ಬ ಇಳುಸ್ಲಾ?"

"ಇರಿ ಅತ್ತೆ. ಇನ್ನೊಬ್ರು ಹೇಳ್ತಾರೆ, ಬಾಣಂತಿ ಮಲಗಿದ ಕಡೆಯಿಂದ ಏಳ್ಬಾರ್ದಂತೆ."

"ಎರಡ್ರಲ್ಲಿ ಯಾವ್ದು ನಿಜ ಕಿರಣಪ್ಪ?"

"ಅದೇ ಗೊತ್ತಾಗ್ತಿಲ್ಲ ಅತ್ತೆ."

ಓದಿದ ಅಳಿಯನಿಗೂ ಗೊತ್ತಿಲ್ಲ ಎಂದು ಅವಳಿಗೆ ಕೊಂಚ ಧೈರ್ಯವೇ ಬಂತು. ಡಬ್ಬ ಅಟ್ಟದಿಂದ ಇಳಿಯಿತು. ಆದರೆ ಸಿದ್ದಗಂಗಮ್ಮ ಅಷ್ಟು ಸುಲಭಕ್ಕೆ ಬಿಡುವವಳೇ? ಗಾಳಿ ತಾಗಬಾರದೆಂದು ಬಾಣಂತಿ ಕೋಣೆಯ ಕಿಟಕಿ ಹಾಕಿದಳು. ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಸುತ್ತಿ, ಮೈಗೆ ಕಂಬಳಿ ಹೊದಿಸಿದಳು. ಮೂಲೆಯಲ್ಲಿ ಸಾಂಬ್ರಾಣಿ ಹೊಗೆ, ಮೇಲೆ ಮಿಣುಕು ಬಲ್ಬು. "ಈಗ ಹಾಕ್ಕೊ ಕುಚ್ಚು" ಎಂದಳು.

ಮಧುಶ್ರೀ ಆ ಕತ್ತಲಲ್ಲಿ ಬೆನ್ನು ಬಗ್ಗಿಸಿ ಕುಚ್ಚು ಹಾಕಿದಳು. ಸ್ವಲ್ಪ ದಿನಕ್ಕೇ ತಲೆನೋವು ಶುರುವಾಯಿತು, ಕತ್ತು ತಿರುಗಿಸಲು ಆಗುತ್ತಿರಲಿಲ್ಲ, ಕಣ್ಣು ಕೆಂಪಗಾದವು. "ನಾನ್ ಹೇಳ್ಲಿಲ್ವಾ? ನರ!" ಎಂದಳು ತಿಪ್ಪಮ್ಮ. ಸಿದ್ದಗಂಗಮ್ಮ ಮತ್ತೆ ಅಟ್ಟದ ಕಡೆ ನೋಡಿದಳು. ಆದರೆ ಅದೇ ಹೊತ್ತಿಗೆ ಸೀರೆ ಮುಗಿದಿತ್ತು. ಮಧುಶ್ರೀ ಅದನ್ನು ಬಿಡಿಸಿ ತೋರಿಸಿದಳು. ಹಸಿರು ಸೀರೆಯ ಸೆರಗಿನ ತುದಿಗೆ ಅರಿಶಿನ ಬಣ್ಣದ ಕುಚ್ಚು ಸಾಲಾಗಿ ಇಳಿದಿತ್ತು.

ತಿಪ್ಪಮ್ಮ ಸೆರಗು ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ನರದ ವಿಷಯ ಅವಳಿಗೆ ಮರೆತೇ ಹೋಯಿತು.

"ಅಕ್ಕ, ನಮ್ ತಮ್ಮನ ಮಗಳ ಮದ್ವೆ ಐತಲ್ಲ. ನನ್ ಸೀರೆಗೂ ಒಂದು ಹಾಕ್ಕೊಡ್ತಾಳಾ ಮಧು?"

"ಅದ್ಕೇನಂತೆ, ತಂದ್ಕೊಡು. ಮನೇಲೇ ಕೂತವ್ಳಲ್ಲ" ಎಂದುಬಿಟ್ಟಳು ಸಿದ್ದಗಂಗಮ್ಮ.

ಮಗಳನ್ನು ಒಂದು ಮಾತೂ ಕೇಳಲಿಲ್ಲ. ನಿನ್ನೆ ತನಕ ಬೇಡವೆಂದವಳಿಗೆ ಇವತ್ತು ಮಗಳ ಕೈಚಳಕ ಊರಿಗೆಲ್ಲ ತೋರಿಸುವ ಆಸೆ. ಮದುವೆಗೆ ಹೋಗುವವರೆಲ್ಲ ಒಬ್ಬರ ಹಿಂದೊಬ್ಬರು ಸೀರೆ ತಂದಿಟ್ಟರು. ಎಲ್ಲರಿಗೂ ಮಣಿ ಹಾಕಿದ ಕುಚ್ಚೇ ಬೇಕು, ಎಲ್ಲರಿಗೂ ಮದುವೆಗೆ ಮುಂಚೆಯೇ ಬೇಕು. ಮಂಚದ ಕಾಲ ಬಳಿ ಸೀರೆಗಳು ಗುಡ್ಡೆ ಬಿದ್ದವು. ಮಧುಶ್ರೀಯ ಗುನುಗು ನಿಂತುಹೋಯಿತು. ಕೂಸು ಮಲಗಿದಾಗ ತಾನೂ ಮಲಗುತ್ತಿದ್ದವಳು ಈಗ ಆ ಹೊತ್ತಿನಲ್ಲೂ ಗಂಟು ಹಾಕತೊಡಗಿದಳು.

ಕುಚ್ಚು ಹಾಕಬೇಕಾದರೆ ಸೆರಗು ಬಿಗಿಯಾಗಿರಬೇಕು. ಕೂಸು ಮಲಗಬೇಕಾದರೆ ಜೋಲಿ ತೂಗುತ್ತಿರಬೇಕು. ಎರಡಕ್ಕೂ ಇರುವುದು ಅವಳೊಬ್ಬಳೇ. ಅದಕ್ಕೆ ಅವಳೊಂದು ಉಪಾಯ ಮಾಡಿದಳು. ತೊಲೆಯಿಂದ ಇಳಿಬಿಟ್ಟ ಸೀರೆಯ ಜೋಲಿಗೆ ಬಾಯಿ ಅಗಲವಾಗಿರಲೆಂದು ಒಂದು ಅಡ್ಡಕೋಲು ಸಿಕ್ಕಿಸಿರುತ್ತಾರಲ್ಲ, ಆ ಕೋಲಿಗೆ ಸೆರಗಿನ ಒಂದು ತುದಿ ಕಟ್ಟಿದಳು. ಇನ್ನೊಂದು ತುದಿಯನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಮೊಣಕಾಲಿನಿಂದ ಜೋಲಿಯನ್ನು ಮೆಲ್ಲಗೆ ತಳ್ಳುತ್ತಾ ಮಣಿ ಪೋಣಿಸಿದಳು.

ಅದನ್ನು ನೋಡಿ ಸಿದ್ದಗಂಗಮ್ಮನಿಗೆ ಹೆಮ್ಮೆ ಉಕ್ಕಿತು. "ನೋಡೇ ತಿಪ್ಪಮ್ಮ, ನನ್ ಮಗಳ ತಲೆನಾ! ಕೂಸೂ ಮಲಗ್ತು, ನಿನ್ ಸೀರೇನೂ ಆಗ್ತಾ ಐತೆ" ಎಂದಳು. ಬಾಣಂತನದಲ್ಲಿ ಇಷ್ಟು ಪಳಗಿದ ಆ ಕಣ್ಣಿಗೆ ಜೋಲಿಯ ಬಾಯಿಯ ಮೇಲೇ ಮಣಿ ಓಡಾಡುತ್ತಿರುವುದು ಕಾಣಿಸಲಿಲ್ಲ. ತಿಪ್ಪಮ್ಮನಿಗೂ ಕಾಣಿಸಲಿಲ್ಲ. ಅವಳು ತನ್ನ ಸೀರೆಯನ್ನೇ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಎಣ್ಣೆ ಹಚ್ಚಲೆಂದು ಸಿದ್ದಗಂಗಮ್ಮ ಕೂಸನ್ನು ಜೋಲಿಯಿಂದ ಎತ್ತಿಕೊಂಡಳು. ಕೂಸು ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿತ್ತು. ಆ ವಯಸ್ಸಿನ ಕೂಸು ಚೀಪುವುದು ಸಹಜವೇ. ಜೊಲ್ಲು ಒರೆಸಲು ಮುಷ್ಟಿ ಬಿಡಿಸಿದಳು. ಒದ್ದೆ ಅಂಗೈಗೆ ಮೆಣಸಿನ ಕಾಳಿನಷ್ಟು ದೊಡ್ಡ ಹೊಂಬಣ್ಣದ ಮಣಿಯೊಂದು ಅಂಟಿತ್ತು. ಕೆಳತುಟಿಯ ಒಳಗೆ ಇನ್ನೊಂದು.

ಸಿದ್ದಗಂಗಮ್ಮ ಬೆರಳಿಗೆ ಬಟ್ಟೆ ಸುತ್ತಿ ತುಟಿಯೊಳಗಿನ ಮಣಿಯನ್ನು ಮೆಲ್ಲಗೆ ಹೊರಕ್ಕೆ ಜಾರಿಸಿದಳು. ಇನ್ನೆಷ್ಟು ಬಿದ್ದಿದ್ದವೋ, ಎಷ್ಟು ನುಂಗಿತೋ, ಯಾರಿಗೆ ಗೊತ್ತು? "ಮಧೂ!" ಎಂದು ಕೂಗಿದ ಕೂಗಿಗೆ ಬೀದಿಯೇ ಸೇರಿತು. ಆಗಾಗ ಮನೆಗೆ ಬಂದು ತಾಯಿ, ಕೂಸು ಇಬ್ಬರನ್ನೂ ನೋಡಿ ಹೋಗುತ್ತಿದ್ದ ಆಶಾ ಕಾರ್ಯಕರ್ತೆ ಸುಮನಾ ಅವತ್ತೂ ಅದೇ ಬೀದಿಗೆ ಬಂದಿದ್ದಳು, ಅವಳೂ ಓಡಿ ಬಂದಳು.

"ಕೂಸು ಕೆಮ್ಮುತಾ ದೊಡ್ಡಮ್ಮ? ಉಸಿರಿಗೆ ಕಷ್ಟ ಪಟ್ತಾ?"

"ಇಲ್ಲ ಕಣವ್ವ, ನಗ್ತಾ ಐತೆ. ಇರು, ಬಾಯೊಳಕ್ಕೆ ಬೆಟ್ಟು ಹಾಕಿ ನೋಡ್ತೀನಿ."

"ಬೇಡ ಬೇಡ, ಕಾಣದೆ ಇರೋದನ್ನ ಹುಡುಕ್ಬೇಡಿ. ಇದ್ರೆ ಇನ್ನೂ ಒಳಕ್ಕೆ ಹೋಗ್ಬಿಡುತ್ತೆ. ಆಟೋ ಕರೀರಿ, ಡಾಕ್ಟ್ರಿಗೆ ತೋರಿಸ್ಬಿಡೋಣ."

ಕುಣಿಗಲ್ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಮಧುಶ್ರೀ ಕೂಸನ್ನು ಮುಟ್ಟಲಿಲ್ಲ. ಆಟೋದ ಮೂಲೆಗೆ ಒರಗಿ, "ನಾನು ಮುಟ್ಟಲ್ಲಮ್ಮ, ನನ್ ಕೈಯಲ್ಲಿದ್ರೆ ಅದು ಉಳಿಯಲ್ಲ" ಎಂದಳು.  ಮಣಿಗಿಂತ ಆ ಮಾತೇ ಸಿದ್ದಗಂಗಮ್ಮನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಡಾಕ್ಟರಮ್ಮ ಕೂಸನ್ನು ಚೆನ್ನಾಗಿ ಪರೀಕ್ಷಿಸಿ, ಗಾಬರಿಪಡುವಂಥದ್ದು ಏನೂ ಇಲ್ಲ ಎಂದರು. ಆಮೇಲೆ ಮಧುಶ್ರೀಯ ಮುಖ ನೋಡಿ, ಉಳಿದವರನ್ನು ಹೊರಗೆ ಕಳಿಸಿ, ಅವಳೊಬ್ಬಳ ಜೊತೆ ಬಹಳ ಹೊತ್ತು ಮಾತಾಡಿದರು. ಹೊರಗೆ ಬೆಂಚಿನ ಮೇಲೆ ಸಿದ್ದಗಂಗಮ್ಮ ಕೂಸನ್ನು ತಬ್ಬಿಕೊಂಡು ಕುದಿಯುತ್ತಿದ್ದಳು.

"ಮನೆಗೋದ ತಕ್ಷಣ ಆ ದಾರದ ಡಬ್ಬಕ್ಕೆ ಬೆಂಕಿ ಹಾಕ್ತೀನಿ ನೋಡು ಸುಮನಾ."

"ದಾರ ಏನ್ಮಾಡ್ತು ದೊಡ್ಡಮ್ಮ?"

"ಅಂಗಾರೆ ಅದು ಒಳ್ಳೇದು ಅಂತೀಯಾ? ಒಳ್ಳೇದೋ ಕೆಟ್ಟದ್ದೋ ಒಂದೇ ಮಾತಲ್ಲಿ ಹೇಳ್ಬುಡು. ನಂಗೆ ತಲೆ ಕೆಟ್ಟೋಗೈತೆ."

"ಒಂದೇ ಮಾತಲ್ಲಿ ಹೇಳಕ್ಕೆ ನಂಗೂ ಬರಲ್ಲ. ಮಧು ಮೊದಲ್ನೇ ದಿನ ಎಲ್ಲಿ ಕೂತಿದ್ಲು?"

"ನಡುಮನೇಲಿ, ಬಾಗ್ಲತಾವ."

"ಆವಾಗ ತಲೆನೋವು ಬಂತಾ?"

"ಇಲ್ಲ. ಹಾಡು ಹೇಳ್ಕೊತಿದ್ಲು."

"ಆಮೇಲೆ ಕಿಟಕಿ ಹಾಕಿದ್ರಿ, ಹೊಗೆ ಹಾಕಿದ್ರಿ. ಆ ಕತ್ಲಲ್ಲಿ ನೀವು ಅಕ್ಕಿ ಆರಿಸ್ತೀರಾ ದೊಡ್ಡಮ್ಮ?"

ಸಿದ್ದಗಂಗಮ್ಮ ಕೂಸಿನ ಬಟ್ಟೆ ಎಳೆದು ಸರಿಮಾಡಿದಳು.

"ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವಳು ಕುಚ್ಚು ಹಾಕುವಾಗ ಕೂಸನ್ನ ಯಾರು ನೋಡ್ಕೊಳ್ತಿದ್ರು?"

"ಯಾರು ಅಂದ್ರೆ... ಜೋಲೀಲಿತ್ತಲ್ಲ."

"ನೀವು?"

"ನಾನು ಸೀರೆ ತಂದೋರಿಗೆ ಕಾಫಿ ಕಾಯಿಸ್ತಿದ್ದೆ" ಎಂದವಳೇ ಸಿದ್ದಗಂಗಮ್ಮ ತುಟಿ ಕಚ್ಚಿಕೊಂಡಳು.

ಅಷ್ಟರಲ್ಲಿ ಮಧುಶ್ರೀ ಹೊರಗೆ ಬಂದಳು. ಅತ್ತು ಕಣ್ಣು ಊದಿದ್ದವು, ಆದರೆ ಮುಖ ಸ್ವಲ್ಪ ಸಡಿಲವಾಗಿತ್ತು. ಹೆರಿಗೆಯ ನಂತರ ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ಇದಕ್ಕೆ ಚಿಕಿತ್ಸೆ ಇದೆ, ಕರೆದಾಗ ಮತ್ತೆ ಬರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅವಳು ಬೆಂಚಿನ ತುದಿಯಲ್ಲಿ ಕೂತಳು.

"ಅಮ್ಮ, ನಿಂಗೊಂದು ಹೇಳ್ಲಾ? ಕೂಸಿಗೆ ಸ್ನಾನ ನೀನು ಮಾಡಿಸ್ತೀಯ. ಬಟ್ಟೆ ನೀನು ಸುತ್ತುತೀಯ. ಅತ್ರೆ ಯಾಕೆ ಅಂತ ನೀನೇ ಹೇಳ್ತೀಯ. ನಾನು ಎತ್ಕೊಂಡ್ರೆ ಹಂಗಲ್ಲ, ಹಿಂಗೆ ಅಂತೀಯ. ನಂಗೇನೂ ಬರಲ್ಲ, ನಾನು ತಾಯಿನೇ ಅಲ್ಲ ಅನ್ಸುತ್ತಮ್ಮ. ಕುಚ್ಚು ಹಾಕುವಾಗ ಮಾತ್ರ ನಂಗೂ ಏನೋ ಬರುತ್ತೆ ಅನ್ಸೋದು. ಆಮೇಲೆ ಅದನ್ನೂ ನೀನು ಎಲ್ರಿಗೂ ಹಂಚ್ಬಿಟ್ಟೆ."

ಸಿದ್ದಗಂಗಮ್ಮನಿಗೆ ಸಿಟ್ಟು ಬಂತು. ಹಗಲು ರಾತ್ರಿ ದುಡಿದದ್ದಕ್ಕೆ ಇದೇ ಪ್ರತಿಫಲವೇ ಎಂದು ಹೊಟ್ಟೆ ಉರಿಯಿತು. ಮರುಗಳಿಗೆಯಲ್ಲೇ ದುಃಖ ಒತ್ತರಿಸಿ ಬಂತು. ತಾನು ಮಾಡಿದ್ದೆಲ್ಲ ಪ್ರೀತಿಯಿಂದಲೇ, ಅದರಲ್ಲಿ ಸುಳ್ಳಿಲ್ಲ. ಆದರೂ ಅದೇ ಪ್ರೀತಿ ಮಗಳಿಗೆ ಭಾರವಾಗಿದ್ದು ಹೇಗೆ? ಅವಳಿಗೆ ಅರ್ಥವಾಗಲಿಲ್ಲ.

"ನಂಗೆ ತಿಳೀತಿಲ್ಲ ಕಣವ್ವ ಸುಮನಾ" ಎಂದಳು ಕೊನೆಗೆ. "ದಾರಕ್ಕೂ ಮನಸ್ಸಿಗೂ ಏನ್ ಸಂಬಂಧವೋ, ನನ್ ತಲೆಗೆ ಹತ್ತಾಕಿಲ್ಲ. ನಾನೇನ್ ಮಾಡ್ಬೇಕು ಅದ್ನ ಹೇಳು, ಮಾಡ್ತೀನಿ."

"ಅಷ್ಟು ಸಾಕು ದೊಡ್ಡಮ್ಮ. ಕಿಟಕಿ ತೆಗೀರಿ, ಬೆಳಕು ಬರ್ಲಿ. ಬೆನ್ನಿಗೊಂದು ದಿಂಬು ಕೊಡಿ. ಅವಳು ದಾರ ಹಿಡಿದಾಗ ಕೂಸು ನಿಮ್ಮ ಮಡಿಲಲ್ಲಿರ್ಲಿ, ಬೇರೆ ಕಡೆ. ಕೂಸು ದೊಡ್ಡದಾಗೋವರ್ಗೂ ಮಣಿ ಬೇಡ. ಸೂಜಿ, ಕತ್ರಿ, ದಾರ ಎಲ್ಲ ಮುಚ್ಚಳದ ಡಬ್ಬೀಲಿ, ಎತ್ತರದಲ್ಲಿ. ಜೋಲಿ ಹತ್ರ ಒಂದೆಳೆ ದಾರಾನೂ ನೇತಾಡ್ಬಾರ್ದು, ಕತ್ತಿಗೆ ಸುತ್ಕೊಂಡ್ರೆ ಕಷ್ಟ. ಕೂಸು ಮಲಗಿದಾಗ ಅವಳೂ ಮಲಗ್ಲಿ, ಕುಚ್ಚಿಗಿಂತ ನಿದ್ದೆ ಮುಖ್ಯ. ಈಗ್ಲೇ ಬೇರೆಯೋರ ಕೆಲ್ಸ ಒಪ್ಕೋಬೇಡಿ. ಆಮೇಲೆ ಬೇಕಾದ್ರೆ ಅವಳೇ ಒಪ್ಕೋತಾಳೆ."

"ಅಂಗಾರೆ ಕುಚ್ಚು ಹಾಕಿದ್ರೆ ಅಳು ವಾಸಿಯಾಯ್ತದಾ?"

"ಕುಚ್ಚು ಔಷಧಿ ಅಲ್ಲ ದೊಡ್ಡಮ್ಮ. ಡಾಕ್ಟ್ರು ಹೇಳಿದ್ದನ್ನ ತಪ್ಪಿಸೋ ಹಂಗಿಲ್ಲ. ಅದ್ರ ಜೊತೆಗೆ ಇದು, ಅಷ್ಟೇ."

ಊರಿಗೆ ಬಂದವಳೇ ಸಿದ್ದಗಂಗಮ್ಮ ಸೀರೆಗಳನ್ನು ಕಂಕುಳಲ್ಲಿ ಅವುಚಿಕೊಂಡು ಮನೆಮನೆಗೆ ಹೋಗಿ ವಾಪಸ್ ಕೊಟ್ಟಳು. ಕೊಟ್ಟ ಮಾತು ಹಿಂತೆಗೆದುಕೊಳ್ಳುವುದು ಅವಳ ಜಾಯಮಾನವಲ್ಲ. ಕೆಲವರು ಮುಖ ಸಿಂಡರಿಸಿದರು. ತಿಪ್ಪಮ್ಮ ಅರ್ಧ ಹಾಕಿದ ಕುಚ್ಚನ್ನು ನೋಡಿ, "ಇದೇನಕ್ಕ, ಅರ್ಧಕ್ಕೇ ನಿಲ್ಸುದ್ರೆ ಹೆಂಗೆ?" ಎಂದಳು. "ಅರ್ಧಕ್ಕೆ ನಿಂತಿದ್ದು ಸೀರೆ ಕಣೇ, ಮಗಳಲ್ವಲ್ಲ. ಬುಡು" ಎಂದು ಸಿದ್ದಗಂಗಮ್ಮ ತಿರುಗಿಯೂ ನೋಡದೆ ಬಂದುಬಿಟ್ಟಳು.

ಕೋಣೆಯ ಕಿಟಕಿ ತೆರೆಯಿತು. ಅಳಿಯ ಭಾನುವಾರ ಬಂದಾಗ ಕೈ ತೊಳೆದುಕೊಂಡು ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡಿಸಿದ. ಮೊದಮೊದಲು ಅವನಿಗೆ ಕೂಸಿನ ಕತ್ತು ಎಲ್ಲಿ ಹಿಡಿಯಬೇಕೆಂದೇ ತಿಳಿಯುತ್ತಿರಲಿಲ್ಲ, ಈಗ ಡೈಪರ್ ಕೂಡ ಬದಲಿಸುತ್ತಾನೆ. ಮಧುಶ್ರೀ ಬರೀ ದಾರದ ಕುಚ್ಚನ್ನು ತನಗೆ ಬೇಕೆನಿಸಿದಷ್ಟು ಹೊತ್ತು ಹಾಕುತ್ತಾಳೆ, ಸಾಕೆನಿಸಿದಾಗ ಎತ್ತಿಡುತ್ತಾಳೆ. ಡಾಕ್ಟರಮ್ಮ ಕರೆದಾಗ ತಪ್ಪದೆ ಹೋಗಿಬರುತ್ತಾಳೆ. ಅಳು ಪೂರ್ತಿ ನಿಂತಿದೆಯೇ ಎಂದರೆ ಇಲ್ಲ. ಕೆಲವು ದಿನ ಬರುತ್ತದೆ. ಆದರೆ ಈಗ ಅಳು ಬಂದರೆ ಅಮ್ಮನನ್ನು ಕರೆದು ಹೇಳುತ್ತಾಳೆ.

ಮೊನ್ನೆ ಹೀಗಾಯಿತು. ಮಧುಶ್ರೀ ಬಾಗಿಲ ಬಳಿ ಕುಚ್ಚು ಹಾಕುತ್ತಿದ್ದಳು. ಹಿತ್ತಲಲ್ಲಿ ಸಿದ್ದಗಂಗಮ್ಮನ ಮಡಿಲಲ್ಲಿದ್ದ ಕೂಸು ರಚ್ಚೆ ಹಿಡಿಯಿತು. ಹೊಟ್ಟೆ ಉಬ್ಬರವೇ ಇರಬೇಕೆಂದು ಅಜ್ಜಿ ಕೂಸನ್ನು ಎತ್ತಿಕೊಂಡೇ ಒಳಗೆ ಬಂದು, ನೀರು ಕಾಯಿಸಲು ಓಮದ ಡಬ್ಬಿ ತೆಗೆದಳು. ಮಧುಶ್ರೀ ದಾರವನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟು, ಕೈ ತೊಳೆದುಕೊಂಡು ಬಂದಳು.

"ಕೊಡಮ್ಮ. ಹೊಟ್ಟೆ ಅಲ್ಲ, ನಿದ್ದೆ ಅವಳಿಗೆ. ಹೆಗಲ ಮೇಲೆ ಹಾಕ್ಕೊಂಡ್ರೆ ಸುಮ್ಮನಾಗ್ತಾಳೆ."

"ಹೊಟ್ಟೇನೇ ಕಣೇ, ನಂಗೆ..." ಎಂದು ಶುರುಮಾಡಿದ ಸಿದ್ದಗಂಗಮ್ಮ ಅಲ್ಲಿಗೇ ನಿಲ್ಲಿಸಿದಳು. ಕೂಸನ್ನು ಕೊಟ್ಟಳು. ಅಮ್ಮನ ಹೆಗಲಿಗೆ ಬಿದ್ದ ಕೂಸು ಎರಡು ಸಲ ಬಿಕ್ಕಿ, ಕಣ್ಣು ಮುಚ್ಚಿತು. ಓಮದ ಡಬ್ಬಿ ಹಿಡಿದುಕೊಂಡು ಸಿದ್ದಗಂಗಮ್ಮ ಹಾಗೇ ನಿಂತಳು. ತಾನು ಸೋತೆನೋ ಗೆದ್ದೆನೋ ಅವಳಿಗೆ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಮಾತ್ರ ತುಂಬಿಕೊಂಡಿತು.

ಅಮ್ಮಂದಿರೇ, ಅತ್ತೆಯಂದಿರೇ, ಹೊಸದಾಗಿ ಅಪ್ಪನಾದ ತಮ್ಮಂದಿರೇ, ನಿಮ್ಮ ಮನೆಯ ಬಾಣಂತಿ ಕುಚ್ಚು, ಕಸೂತಿ, ಹೆಣಿಗೆ, ಏನನ್ನಾದರೂ ಕೈಗೆತ್ತಿಕೊಳ್ಳುತ್ತೇನೆ ಎಂದರೆ ಹೆದರಬೇಡಿ, ಬೇಡ ಎನ್ನಬೇಡಿ. ಬೆಳಕು ಕೊಡಿ, ಬೆನ್ನಿಗೆ ಒರಗು ಕೊಡಿ, ಮಣಿ ಮತ್ತು ಸೂಜಿಯನ್ನು ಕೂಸಿನಿಂದ ದೂರವಿಡಿ. ಅವಳ ಪರವಾಗಿ ನೀವು ಯಾರಿಗೂ ಮಾತು ಕೊಡಬೇಡಿ. ದಿನಗಳು ಕಳೆದರೂ ಅಳು, ಭಯ, ಮಂಕು ಹೋಗದಿದ್ದರೆ, ಕೂಸನ್ನು ಮುಟ್ಟಲೂ ಹೆದರಿದರೆ, ಮುಚ್ಚಿಡಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಡಾಕ್ಟರಿಗೆ ತೋರಿಸಿ. ೧೪೪೧೬ಕ್ಕೆ ಫೋನ್ ಮಾಡಿದರೆ ಮನಸ್ಸಿನ ಕಷ್ಟ ಕೇಳಿಸಿಕೊಳ್ಳುವವರು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇದೆಲ್ಲ ಯಾಕೆ ಹೀಗೆ ಎಂದು ನಿಮಗೆ ಪೂರ್ತಿ ಅರ್ಥವಾಗದೇ ಇರಬಹುದು, ಸಿದ್ದಗಂಗಮ್ಮನಿಗೂ ಆಗಿಲ್ಲ. ಅರ್ಥವಾಗುವ ತನಕ ಕಾಯಬೇಡಿ. ಸ್ವಲ್ಪ ಹೊತ್ತು ಕೂಸನ್ನು ನೀವು ಎತ್ತಿಕೊಳ್ಳಿ, ಅವಳು ಕೈ ಚಾಚಿದಾಗ ವಾಪಸ್ ಕೊಡಿ.